ಕಚ್ಚಿದ್ದು ಕಾಲಿಗೆ

ಶಿರಸಿ, 14 ಅಕ್ಟೋಬರ್ 2025, ಮಂಗಳವಾರ

ಹಾವು ಕಚ್ಚಿದ ಭಾವನಿಗೆ ಇವತ್ತೂ ರಕ್ತ ಕೊಟ್ಟರಂತೆ. ಸಂಜೆ ಅಕ್ಕ ಮಣಿಪಾಲದಿಂದ ಫೋನ್ ಮಾಡಿದಾಗ ದನಿ ಸ್ವಲ್ಪ ಗಟ್ಟಿಯಾಗಿತ್ತು. ಆಯಿಗೆ ಮಾತ್ರ ಸಮಾಧಾನ ಇಲ್ಲ. "ಕಚ್ಚಿದ್ದು ಕಾಲಿಗೆ. ಹೊಟ್ಟೆಯೊಳಗೆ ರಕ್ತ ಎಲ್ಲಿಂದ ಬಂತು?" ಅಂತ ನಿನ್ನೆಯಿಂದ ಕೇಳುತ್ತಲೇ ಇದ್ದಾಳೆ.

ಡಾಕ್ಟರ್ ಹೇಳಿದ್ದನ್ನೇ ಹೇಳಿದೆ. ಕೊಳಕುಮಂಡಲದ ವಿಷ ಮೊದಲು ಮೈಯೊಳಗೆ ಅಲ್ಲಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಹೆಪ್ಪಾಗಲು ಬೇಕಾದ ಸರಕೆಲ್ಲ ಅದರಲ್ಲೇ ಖರ್ಚಾಗಿ ಹೋಗುತ್ತದೆ. ರಕ್ತನಾಳದ ಗೋಡೆಯನ್ನೂ ವಿಷ ಕೆಡಿಸುತ್ತದೆ. ಆಮೇಲೆ ಎಲ್ಲಿ ಸೋರಿದರೂ ನಿಲ್ಲುವುದಿಲ್ಲ. ಒಸಡಲ್ಲಿ, ಮೂತ್ರದಲ್ಲಿ ಬಂದರೆ ಕಣ್ಣಿಗೆ ಬೀಳುತ್ತದೆ. ಹೊಟ್ಟೆಯೊಳಗೆ, ತಲೆಯೊಳಗೆ ಆಗುವುದು ಅಪರೂಪ. ಆದಾಗ ಹೊರಗೆ ಏನೂ ಕಾಣುವುದಿಲ್ಲ.

ಶನಿವಾರ ಇಲ್ಲಿ ಸಿಸ್ಟರ್ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಮುಟ್ಟದೆ ಇಟ್ಟಿದ್ದರು. ಆಮೇಲೆ ಓರೆ ಮಾಡಿದರು. ಗಟ್ಟಿಯಾಗಬೇಕಿದ್ದ ರಕ್ತ ನೀರಿನ ಹಾಗೆ ಜಾರಿತು. ಕೂಡಲೇ ಹಾವಿನ ಇಂಜೆಕ್ಷನ್ 10 ವಯಲ್ ಹಾಕಿದರು. 6 ತಾಸು ಬಿಟ್ಟು ಮತ್ತೆ ಅದೇ ಪರೀಕ್ಷೆ. ಇಂಜೆಕ್ಷನ್ ವಿಷವನ್ನು ತಡೆಯುತ್ತದೆ ಅಷ್ಟೇ. ಖರ್ಚಾದ ಸರಕನ್ನು ಲಿವರ್ ಹೊಸದಾಗಿ ಮಾಡಬೇಕು, ಅದಕ್ಕೆ ಹೊತ್ತು ಬೇಕು.

ಭಾನುವಾರ ಬಾವು ಮೊಣಕಾಲಿನಿಂದ ಮೇಲೆ ಏರಿರಲಿಲ್ಲ. ಭಾವ ಮಾತಾಡುತ್ತಿದ್ದ. ರಾತ್ರಿ ಮಾತ್ರ "ಕಾಲಲ್ಲ ತಮಾ, ಹೊಟ್ಟೆ ನೋಯ್ತು" ಎಂದ. ಪಕ್ಕದ ಬೆಡ್ಡಿನವರು ಗ್ಯಾಸ್ ಇರಬೇಕು ಅಂದರು. ರಾತ್ರಿಪಾಳಿಯ ಸಿಸ್ಟರ್ ಅಷ್ಟಕ್ಕೆ ಬಿಡಲಿಲ್ಲ. ಹೊಟ್ಟೆ ಒತ್ತಿ ನೋಡಿದರು. ಬಿಪಿ ಇಳಿದಿತ್ತು, ನಾಡಿ ಓಡುತ್ತಿತ್ತು. ಡಾಕ್ಟರನ್ನು ಎಬ್ಬಿಸಿಕೊಂಡು ಬಂದರು. ಸ್ಕ್ಯಾನ್‌ನಲ್ಲಿ ರಕ್ತ ಕಂಡಿತು. ಅವರಿಗೆ ಕೈಮುಗಿಯಬೇಕು ನಾವು.

ಆಮೇಲೆ ಅಂಥ ಸ್ಥಿತಿಯಲ್ಲಿ ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕಾಯಿತು. ನಮ್ಮ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ! ಹಾವು ಕಚ್ಚಿದ ಪ್ರತಿ ಕೇಸನ್ನೂ ವರದಿ ಮಾಡಬೇಕು ಅಂತ 2024ರಲ್ಲೇ ರಾಜ್ಯದಲ್ಲಿ ಆದೇಶ ಆಗಿದೆ. ಆ ಲೆಕ್ಕ ನೋಡಿಯಾದರೂ ತೋಟ, ಗದ್ದೆಯವರ ಕಷ್ಟ ಮೇಲಿನವರಿಗೆ ತಟ್ಟಬೇಕು.

ಭಾವ ಬಂದ ಮೇಲೆ ನಂಜಿಗೆ ನಾಟಿ ಔಷಧಿ ಮಾಡಿಸ್ತೇನೆ ಅಂತಾಳೆ ಆಯಿ. ಡಾಕ್ಟರನ್ನು ಕೇಳದೆ ಏನೂ ಬೇಡ ಅಂದೆ. ಸಿಟ್ಟು ಬಂತು ಅವಳಿಗೆ. ಅಕ್ಕನ ಮನೆ ಕೊಟ್ಟಿಗೆಯಲ್ಲಿ ಹುಲ್ಲು ಬೇರೆ ಮುಗಿದಿದೆ. ದೊಡ್ಡಹಬ್ಬ ದೀಪಾವಳಿ ಹತ್ತಿರ ಬಂತು. ನಾಳೆ ಕೊಯ್ಯಲು ಯಾರನ್ನಾದರೂ ಕಳಿಸೋಣ ಅಂದರೆ, ಹಾವು ಇರುವ ಜಾಗಕ್ಕೆ ಬರಿಗಾಲಲ್ಲಿ ಹೇಗೆ ಕಳಿಸುವುದು?