ಪರೇಡ್, ಕವಾಯತು, ಮೆರವಣಿಗೆ

ಜನವರಿ 26, 2025, ಭಾನುವಾರ
ಮಾಟುಂಗಾ, ಮುಂಬೈ

ಬೆಳಗ್ಗೆ ಅಕ್ಕನ ಮಗಳ ಜೊತೆ ಶಿವಾಜಿ ಪಾರ್ಕ್‌ಗೆ ಪರೇಡ್ ನೋಡೋಕೆ ಹೋಗಿದ್ದೆ. ಅವಳು ಎನ್‌ಸಿಸಿ ಹುಡುಗಿ, ‘ದಹಿನೇ ದೇಖ್’ ಅಂತ ಕೂಗು ಬಿದ್ದು ಇಡೀ ತುಕಡಿ ತಲೆ ಬಲಕ್ಕೆ ತಿರುಗಿಸಿದಾಗ "ಚಿಕ್ಕಮ್ಮಾ, ಬಲಗಡೆ ತುದೀಲಿರೋರ್ನ ನೋಡಿ, ಅವರು ತಿರುಗಿಸಲ್ಲ" ಅಂದ್ಲು. ಹೌದು, ಅವರು ನೇರ ಮುಂದೆ ನೋಡ್ತಾ ಇರ್ತಾರೆ, ಅವರೂ ತಿರುಗಿದ್ರೆ ಸಾಲು ಸೊಟ್ಟಗಾಗುತ್ತೆ. ಎಷ್ಟು ಚೆಂದ ಅನ್ನಿಸ್ತು ಅದು!

ಮನೆಗೆ ಬಂದ್ಮೇಲೂ ಈ ಪರೇಡ್ ಅನ್ನೋ ಪದ ತಲೇಲಿ ಓಡ್ತಾನೇ ಇತ್ತು. ಲ್ಯಾಟಿನ್‌ನಲ್ಲಿ ಇದರ ಮೂಲ ಅಂದ್ರೆ ಸಿದ್ಧಮಾಡೋದು, ಇಂಗ್ಲಿಷ್‌ಗೆ ಬರೋ ಹೊತ್ತಿಗೆ ಸೈನಿಕರ ನಡಿಗೆ, ಆಡಂಬರ, ಜನ ಅಡ್ಡಾಡೋ ರಸ್ತೆ ಎಲ್ಲಾ ಆಯ್ತು, ನಮ್ಮ ಮುಂಬೈನ ಕಫ್ ಪರೇಡ್ ಅನ್ನೋ ಏರಿಯಾದ ಹೆಸರು ಆ ಕೊನೇ ಅರ್ಥದ್ದು, ಅಲ್ಲಿ ಯಾರೂ ಮಾರ್ಚ್ ಮಾಡಲ್ಲ. ನಮ್ಮ ಕವಾಯತು ಬಂದಿದ್ದು ನಿಯಮಗಳು ಅನ್ನೋ ಅರಬ್ಬಿ ಪದದಿಂದ, ಮೈಸೂರು ದಸರಾದ ಪಂಜಿನ ಕವಾಯತು ನೋಡಿದೋರಿಗೆ ಆ ಹೆಸರು ಎಷ್ಟು ಸರಿ ಅಂತ ಗೊತ್ತು. ಇನ್ನು ಪೇಪರ್‌ನೋರು ವಿಕೆಟ್ ಉದುರಿದ್ರೆ ಪೆವಿಲಿಯನ್ ಪರೇಡ್ ಅಂತಾರೆ, ಸ್ಟೇಷನ್ ಮುಂದೆ ರೌಡಿಗಳ ಪರೇಡ್, ರಾಜ್ಯಪಾಲರ ಮುಂದೆ ಶಾಸಕರ ಪರೇಡ್.

ನನಗೆ ಇಷ್ಟ ಮಾತ್ರ ಮೆರವಣಿಗೆ. ಮೆರೆ ಅಂದ್ರೆ ಹೊಳೆಯೋದು, ಶೋಭಿಸೋದು. ಅದರಲ್ಲೇ ಜಂಬಾನೂ ಇದೆ, ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅಂತಾರಲ್ಲ, ಅಂಥೋರ್ನ ನೋಡಿ "ಏನ್ ಮೆರೀತಾನಪ್ಪಾ" ಅಂತೀವಿ. ಅದಿರಲಿ, ಅಷ್ಟು ಜಂಬ ಯಾರಿಗೂ ನೋವು ಮಾಡಲ್ಲ. ದೇವರನ್ನ ಪಲ್ಲಕ್ಕೀಲಿ, ಮದುಮಗನ್ನ ಕುದುರೆ ಮೇಲೆ ಮೆರೆಸ್ತೀವಿ, ಅದು ಪ್ರೀತಿ.

ಆದ್ರೆ ‘ಮಹಿಳೆಯ ಬೆತ್ತಲೆ ಮೆರವಣಿಗೆ’ ಅಂತ ಹೆಡ್‌ಲೈನ್ ಹಾಕ್ತಾರಲ್ಲ, ಅದನ್ನ ನನ್ನ ಕೈಲಿ ಸಹಿಸೋಕೆ ಆಗಲ್ಲ. ಮಣಿಪುರದ ವಿಡಿಯೋ 2023ರ ಜುಲೈನಲ್ಲಿ ಹೊರಗೆ ಬಂದಾಗ, ಅದೇ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿ ಹತ್ತಿರ ಆದಾಗ, ಎರಡು ಸಲಾನೂ ಇದೇ ಪದ ಓದಿದೆ. ಪಲ್ಲಕ್ಕಿಗೂ ಅದೇ ಪದ, ಒಬ್ಬ ಹೆಂಗಸಿನ ಮೇಲೆ ನಡೆದ ಹಿಂಸೆಗೂ ಅದೇ ಪದಾನಾ? ಇವತ್ತು ಪಾರ್ಕ್‌ನಲ್ಲಿ ಹೆಣ್ಣುಮಕ್ಕಳು ಎದೆಯೆತ್ತಿ ತಾವೇ ನಡೆದ್ರು. ಅಲ್ಲಿ ಅವಳನ್ನ ಎಳೆದುಕೊಂಡು ಹೋದ್ರು. ‘ಬಟ್ಟೆ ಕಿತ್ತು ಬೀದೀಲಿ ಎಳೆದಾಡಿದ್ರು’ ಅಂತಾನೇ ಬರೀಲಿ, ಎಳೆದೋರು ಯಾರು ಅಂತಾನೂ ಅದೇ ಸಾಲಲ್ಲಿ ಬರೀಲಿ.