ಕೆ.ಆರ್. ಮಾರ್ಕೆಟ್ ಸರಣಿ: ಮಹಡಿಯಿಂದ ಕೆಳಗಿಳಿದೆ

ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನಲ್ಲಿ ನಾನು ತೆಗೆಯುತ್ತಿರುವ ಫೋಟೊ ಸರಣಿಗೆ ಈಗ ಒಂದು ದಾರಿ ಸಿಕ್ಕಿದೆ. ಮೇಲಿನ ಮಹಡಿಯಲ್ಲಿ ನಿಂತು ಹೂವಿನ ರಾಶಿ ತೆಗೆಯುವುದನ್ನು ಬಿಟ್ಟಿದ್ದೇನೆ. ಅಲ್ಲಿಂದ ಚೆಂಡು ಹೂವಿನ ಹಳದಿ, ಸುಗಂಧರಾಜದ ಬಿಳಿ ಎಲ್ಲಾ ಚೆನ್ನಾಗೇ ಕಾಣುತ್ತೆ. ಆದರೆ ಜನ ಬರೀ ತಲೆಗಳಾಗಿಬಿಡುತ್ತಾರೆ. ನನಗೆ ಬೇಕಿರುವುದು ಮುಖ.

ಇದಕ್ಕೆ ಕಾರಣ ಕಾಪ್ ಶಿವ ಅವರ ಕೆಲಸ. ಶಿವರಾಜು ಬಿ.ಎಸ್. ಅಂತ ಹೆಸರು, ರಾಮನಗರ ಕಡೆಯವರು. ಬೆಂಗಳೂರಿನಲ್ಲಿ ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಕ್ಯಾಮೆರಾ ಹಿಡಿದವರು. ಶಾಂತಿನಗರದ 1 ಶಾಂತಿರೋಡ್ ಕಲಾ ಸ್ಟುಡಿಯೋ ಒಡನಾಟದಲ್ಲಿ ಬೆಳೆದ ಕಲಾವಿದ. ಅವರ 'ಬೀಯಿಂಗ್ ಗಾಂಧಿ' ಸರಣಿಯಲ್ಲಿ ಒಬ್ಬ ಶಾಲಾ ಮೇಷ್ಟ್ರು ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯಾಗಿ ನಿಲ್ಲುತ್ತಾರೆ. ಸುತ್ತ ನಮ್ಮ ದಿನನಿತ್ಯದ ಬದುಕು. 'ಐ ಲವ್ ಎಂಜಿಆರ್'ನಲ್ಲಿ ಎಂಜಿಆರ್ ವೇಷ ಹಾಕುವ ಅಭಿಮಾನಿ. ಇವರನ್ನು ಯಾರೂ ಕದ್ದು ತೆಗೆದಿಲ್ಲ. ತಾವು ಹೇಗೆ ಕಾಣಬೇಕು ಅಂತ ಅವರೇ ತೀರ್ಮಾನಿಸಿ ನಿಂತಿದ್ದಾರೆ. ಬೀದಿ ಫೋಟೊ ಅಂದರೆ ಗೊತ್ತಾಗದ ಹಾಗೆ ಕ್ಲಿಕ್ ಮಾಡೋದು ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೇಳಿ ತೆಗೆದಾಗಲೇ ಮನುಷ್ಯರ ಆಸೆ ಚಿತ್ರದೊಳಗೆ ಬರುತ್ತೆ, ಊರೂ ಬರುತ್ತೆ.

ಈ ವಾರ ಕನಕಾಂಬರ ಕಟ್ಟುತ್ತಿದ್ದ ಒಬ್ಬರನ್ನು ಕೇಳಿದೆ. "ಒಂದು ಫೋಟೊ ತೆಗೀಲಾ ಅಮ್ಮಾ?"

"ಇರಪ್ಪಾ, ಈ ಮಾರು ಮುಗೀಲಿ."

ಬಾಳೆ ನಾರಿನ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಲ್ಲಿ ಕತ್ತರಿಸಿದರು. ಚಳಿಗೆ ಹಾಕಿದ್ದ ಸ್ವೆಟರ್ ಬಿಚ್ಚಿ ಗೋಣಿಚೀಲದ ಹಿಂದೆ ಇಟ್ಟರು. ಸೆರಗು ಸರಿ ಮಾಡಿಕೊಂಡರು. ಕಟ್ಟಿದ ಹೂವನ್ನು ಬುಟ್ಟಿಗೆ ಹಾಕದೆ ತಾವೇ ಮುಡಿದುಕೊಂಡರು! ಮಾರೋ ಹೂವು ಅದು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನೇರ ನೋಡಿದರು. ಇಲ್ಲಿವರೆಗಿನ ಚಿತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಬೆಳಕಿನದೇ ದೊಡ್ಡ ತಲೆನೋವು. 1905ರಲ್ಲಿ ಬೆಂಗಳೂರಿಗೆ ಕರೆಂಟ್ ದೀಪ ಬಂದಾಗ ಮೊದಲು ಬೆಳಗಿದ್ದು ಈ ಮಾರ್ಕೆಟ್ ಸುತ್ತಮುತ್ತ. ಈಗ ಒಂದೊಂದು ಅಂಗಡಿಗೆ ಒಂದೊಂದು ಬಣ್ಣದ ಬಲ್ಬು. ಮೇಲೆ ನೀಲಿ ಟಾರ್ಪಾಲು, ಅದರ ನೀಲಿ ಮುಖಕ್ಕೆಲ್ಲ ಹತ್ತುತ್ತೆ. ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಸರಿಮಾಡೋ ಸೆಟ್ಟಿಂಗ್, ಆಟೋದಲ್ಲಿದ್ದರೆ ಒಂದು ಫ್ರೇಮಿನ ಬಣ್ಣದ ಹಾಗೆ ಇನ್ನೊಂದರದ್ದು ಇರಲ್ಲ. ಅದಕ್ಕೆ ಅಂಗಡಿ ಬದಲಾದಾಗೆಲ್ಲ ಬಿಳಿ ಕಾಗದ ಹಿಡಿದು ನಾನೇ ಸೆಟ್ ಮಾಡುತ್ತೇನೆ. ಬೆಳಕು ಕಡಿಮೆ ಅಂತ ಕ್ಯಾಮೆರಾದ ಐಎಸ್ಒ (ಬೆಳಕಿನ ಸೂಕ್ಷ್ಮತೆ) 3200ಕ್ಕೆ ಏರಿಸಿಕೊಳ್ಳುತ್ತೇನೆ. ಚಿತ್ರದಲ್ಲಿ ಗ್ರೇನ್ (ಚುಕ್ಕೆ ಚುಕ್ಕೆ) ಜಾಸ್ತಿ ಬಂದರೂ ಪರವಾಗಿಲ್ಲ, ಫ್ಲ್ಯಾಶ್ ಬೇಡ; ಅದು ಹತ್ತಿರದ ಮುಖ ಬೆಳಗಿಸಿ ಹಿಂದಿನದನ್ನೆಲ್ಲ ಕತ್ತಲೆ ಮಾಡಿಬಿಡುತ್ತೆ. ಹಿಂದಿನ ಅಂಗಡಿ, ತಕ್ಕಡಿ, ಓಡಾಡೋ ಜನ ಎಲ್ಲಾ ಕಾಣಬೇಕಲ್ವಾ?

ಮುಂದಿನ ವಾರ ಮೂಟೆ ಹೊರುವವರ ಹತ್ತಿರ ಹೋಗಬೇಕು. ಅವರಿಗೆ ಪುರುಸೊತ್ತು ಸಿಗೋದು ಬಿಸಿಲೇರಿದ ಮೇಲೆ, ಹಾಗಾಗಿ ಬೆಳಕಿನ ಲೆಕ್ಕ ಮತ್ತೆ ಹೊಸದಾಗಿ ಹಾಕಬೇಕು. ಅದಕ್ಕೂ ಮುಂಚೆ ಕನಕಾಂಬರದ ಅಮ್ಮನಿಗೆ ಪ್ರಿಂಟ್ ಕೊಡಬೇಕು. ದೊಡ್ಡದು ಬೇಕಂತೆ, ಫ್ರೇಮ್ ಹಾಕಿಸಿ.