ಮತ ಕೇಳಲು ಹೊರಟ ಕಾರ್ಯಪ್ಪ

ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕೊಡಗಿನ ಕೆ. ಎಂ. ಕಾರ್ಯಪ್ಪನವರು, 1953ರಲ್ಲಿ ನಿವೃತ್ತರಾಗಿ 18 ವರ್ಷಗಳ ಬಳಿಕ ಲೋಕಸಭಾ ಚುನಾವಣೆಗೆ ನಿಂತದ್ದು ತಮ್ಮ ಸೀಮೆಯಿಂದಲ್ಲ, ದೂರದ ಮುಂಬಯಿ ಈಶಾನ್ಯ ಕ್ಷೇತ್ರದಿಂದ ಎಂಬುದು ನನಗೆ ಇಂದಿಗೂ ಸೋಜಿಗ. ಶಿವಸೇನೆಯ ಬೆಂಬಲವಿದ್ದರೂ ಸೋತರು.

1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕಾಗ, ಅಲ್ಲಿನ ಅಧ್ಯಕ್ಷರಾಗಿದ್ದ ಹಳೆಯ ಪರಿಚಯದ ಅಯೂಬ್ ಖಾನರೇ ಬಿಡುಗಡೆಗೆ ಮುಂದಾದರೂ, ಸೆರೆಯಲ್ಲಿರುವ ಯೋಧರೆಲ್ಲರೂ ತನ್ನ ಮಕ್ಕಳೇ ಎಂದು ಅದನ್ನು ನಿರಾಕರಿಸಿದವರು ಅವರು. ಸ್ವಂತ ಮಗನಿಗಾಗಿಯೂ ಯಾರಲ್ಲೂ ಕೈಯೊಡ್ಡದ ಅಂಥವರು, ಎಪ್ಪತ್ತು ದಾಟಿದ ಮೇಲೆ ಅಪರಿಚಿತರ ಮುಂದೆ ಕೈಮುಗಿದು ಮತ ಕೇಳಲು ಮನಸ್ಸನ್ನು ಹೇಗೆ ಒಪ್ಪಿಸಿದರೋ! ಮಡಿಕೇರಿಯ ‘ರೋಷನಾರಾ’ ಮನೆಯಲ್ಲಿ ಅವರು ಆ ನಿರ್ಧಾರವನ್ನು ತೂಗಿನೋಡಿದ ದಿನಗಳನ್ನು ಊಹಿಸಿಕೊಂಡಾಗ, ಸೋಲಿಗಿಂತ ಆ ತೀರ್ಮಾನವೇ ನನ್ನನ್ನು ಹೆಚ್ಚು ಕಾಡುತ್ತದೆ.